ಪಗಾರದ ಮಾತು ಯಾರೂ ಎತ್ತಲಿಲ್ಲ

ನಾನು ಕುಷ್ಟಗಿ ತಾಲೂಕಿನ ಹನುಮಸಾಗರದ ಕನ್ನಡ ಶಾಲೆಗೆ ಹೋಗುತ್ತಿದ್ದಾಗ ಊರಲ್ಲಿ ತಿಂಗಳಿಗೊಮ್ಮೆ ಪಗಾರ ಎಣಿಸುವವರೆಂದರೆ ಮಾಸ್ತರರು, ಬ್ಯಾಂಕಿನವರು, ದವಾಖಾನೆಯ ಕಂಪೌಂಡರು, ಪೋಸ್ಟಿನಣ್ಣ, ಕೆಲವು ಬಸ್ ಕಂಡಕ್ಟರು. ಉಳಿದವರೆಲ್ಲ ಮಳೆ, ಮಗ್ಗ, ಸಂತೆ ನಂಬಿದವರು. ಕನ್ಯಾ ಕೊಡಲು ಬಂದವರು ಹುಡುಗನಿಗೆ ಎಷ್ಟು ಕೂರಿಗೆ ಹೊಲ ಎಂದು ಕೇಳುತ್ತಿದ್ದರು. ಈಗ ಕೇಳುವುದು, “ಹುಡುಗ ಎಲ್ಲದಾನ?” ಊರಾಗ ಅದಾನ ಎಂದರೆ ಚಹಾ ಕುಡಿದು ಎದ್ದು ಹೋಗುತ್ತಾರೆ.

ಹಿಂದಿನ ಕಾಲವೇ ಚಲೋ ಇತ್ತು ಎನ್ನುವವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರಲ್ಲ. ನಮ್ಮೂರಲ್ಲಿ ನೇಯುತ್ತಿದ್ದುದು ಇಳಕಲ್ ಸೀರೆ. ಆ ಸೀರೆಯ ಕಷ್ಟ ಉಟ್ಟವರಿಗೆ ಕಾಣುವುದಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು, ಒಂದೊಂದೇ ಎಳೆ, ಹಾಸಿನ ಅಗಲದುದ್ದಕ್ಕೂ. ಆಮೇಲೆ ಕೆಂಪು ಬಿಳುಪಿನ ಟೋಪ ತೆನಿ ಸೆರಗು ನೇಯಬೇಕು. ಪಕ್ಕದ ಮನೆಯಲ್ಲಿ ಗಂಡ ಮಗ್ಗದ ಮೇಲೆ ಕುಳಿತರೆ ಹೆಂಡತಿ ಕಂಡಿಕೆ ಸುತ್ತುತ್ತಿದ್ದಳು, ಮುದುಕಿ ಕೊಂಡಿ ಹಾಕುತ್ತಿದ್ದಳು, ಸಾಲಿ ಬಿಟ್ಟು ಬಂದ ಹುಡುಗಿ ನೂಲು ತೊಡಕು ಬಿಡಿಸುತ್ತಿದ್ದಳು. ನಾಲ್ವರ ದುಡಿತಕ್ಕೆ ಸಾವುಕಾರ ಕೊಡುತ್ತಿದ್ದುದು ಒಂದೇ ಮಜೂರಿ. ನೂಲು ಕೊಡುವವನೂ ಅವನೇ, ಸೀರೆ ಒಯ್ಯುವವನೂ ಅವನೇ, ಲಗ್ನಕ್ಕೆ ಮುಂಗಡ ಕೊಟ್ಟವನೂ ಅವನೇ. ಹಿರಿಯ ಮಗಳ ಲಗ್ನದ ಮುಂಗಡ ತೀರುವ ಮೊದಲೇ ಕಿರಿಯವಳ ಲಗ್ನ ಬರುತ್ತಿತ್ತು.

ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಬೇಕೆಂದು ಕೇಂದ್ರ ಸರ್ಕಾರ 1985ರಲ್ಲಿ ಕಾನೂನು ಮಾಡಿತು. ಪವರ್‌ಲೂಮಿನವರು ಅದನ್ನು ಓದಲಿಲ್ಲ, ಓದಿಸಬೇಕಾದವರು ಓದಿಸಲಿಲ್ಲ. 2007ರಲ್ಲಿ ಇಳಕಲ್ ಸೀರೆಗೆ ಜಿಐ ಟ್ಯಾಗು ಬಂತು. ನನ್ನ ಪಕ್ಕದ ಮನೆಯ ಮಗ್ಗದ ಕುಣಿಗೆ ಅಷ್ಟರಲ್ಲಿ ಮಣ್ಣು ತುಂಬಿ ಗಿಲಾವು ಮಾಡಿಯಾಗಿತ್ತು. ಆ ಮನೆಯ ಹುಡುಗ ಮಂಗಳೂರಲ್ಲಿ ಸೆಂಟ್ರಿಂಗ್ ಕೆಲಸ ಹಿಡಿದಿದ್ದ.

ರಾಜಕೀಯಕ್ಕೆ ಬರೋಣ. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ಜನ ಕೇಳಿದ್ದು ಬೋರ್‌ವೆಲ್ಲು. ನೀರ್ ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬರ ಕಾಲ. ಓಣಿಗೊಂದು ಕೈಪಂಪು ಬಂದರೆ ಮುಂದಿನ ಚುನಾವಣೆಯ ಮತ ಗ್ಯಾರಂಟಿ. ಆ ಮೇಲೆ ರಸ್ತೆ ಕೇಳಿದೆವು, ಕಾಲೇಜು ಕೇಳಿದೆವು, ರಾಯಚೂರು ದೂರ ಎಂದು ಜಿಲ್ಲೆ ಕೇಳಿದೆವು. 1997ರಲ್ಲಿ ಕೊಪ್ಪಳ ಜಿಲ್ಲೆ ಆಯಿತು. 2002ರಲ್ಲಿ ನಂಜುಂಡಪ್ಪ ಸಮಿತಿ ಕುಷ್ಟಗಿ, ಯಲಬುರ್ಗಾ ಎರಡನ್ನೂ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ಇಟ್ಟಿತು. ಹಿಂದುಳಿದಿದ್ದೇವೆ ಎಂದು ಸರ್ಕಾರವೇ ಬರೆದುಕೊಟ್ಟ ಮೇಲೆ ಭಾಷಣ ಮಾಡುವವರಿಗೆ ಅನುಕೂಲವಾಯಿತು. ಕನಕಗಿರಿ, ಕಾರಟಗಿ, ಕುಕನೂರು ತಾಲೂಕುಗಳಾದವು. ಹನುಮಸಾಗರ ಹೋಬಳಿಯಾಗಿಯೇ ಉಳಿಯಿತು, ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ತಹಶೀಲ್ದಾರ್ ಕಚೇರಿ ಬಂದಿದ್ದರೂ ಹೆಚ್ಚುತ್ತಿದ್ದುದು ಹತ್ತಿಪ್ಪತ್ತು ಪಗಾರ, ನಾಲ್ಕು ಝೆರಾಕ್ಸ್ ಅಂಗಡಿ, ಬಾಂಡ್ ಪೇಪರು ಬರೆಯುವವರು.

ಗಟ್ಟಿಯಾದದ್ದು ಬಂದದ್ದು 2013ರಲ್ಲಿ, ಸಂವಿಧಾನದ 371ಜೆ ವಿಧಿ. ನಿಜಾಮರ ಆಳಿಕೆಯಲ್ಲಿದ್ದ ಜಿಲ್ಲೆಗಳಿಗೆ ವಿಶೇಷ ಸ್ಥಾನಮಾನ. ಸ್ಥಳೀಯ ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ನಮ್ಮವರಿಗೆ. ಇದರಿಂದ ಮಾಸ್ತರರಾದವರು, ಪೊಲೀಸರಾದವರು, ಡಾಕ್ಟರ್ ಸೀಟು ಪಡೆದವರು ನಮ್ಮೂರಲ್ಲೂ ಇದ್ದಾರೆ, ಇಲ್ಲ ಎಂದರೆ ಸುಳ್ಳು. ಆದರೆ ಹುದ್ದೆ ತುಂಬುವುದು ಸರ್ಕಾರಕ್ಕೆ ಮನಸ್ಸು ಬಂದಾಗ. ಒಂದು ನೋಟಿಫಿಕೇಶನ್ನಿಗೆ ಕಾದು, ಧಾರವಾಡದಲ್ಲಿ ಕೋಚಿಂಗಿಗೆ ರೊಕ್ಕ ಸುರಿದು, ವಯಸ್ಸು ಮೀರಿ ಊರಿಗೆ ಬಂದ ಹುಡುಗರ ಗುಂಪೊಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸದಾ ಇರುತ್ತದೆ. ಇನ್ನೊಂದು ವಿಚಿತ್ರ. ಹಿಂದೆ ಇಳಕಲ್ಲು ಮುಂಬೈ ಪ್ರಾಂತ, ನಾವು ನಿಜಾಮನ ಸೀಮೆ. ಆ ಗೆರೆ ಅಳಿಸಿ ಎಷ್ಟೋ ಕಾಲವಾದರೂ 371ಜೆ ಅದರ ಮೇಲೆಯೇ ನಿಂತಿದೆ. ಸರ್ಟಿಫಿಕೇಟು ಗೆರೆಯ ಈಚೆ, ಪೇಟೆ, ಗ್ರಾನೈಟ್ ಪಾಲಿಶು, ಸೀರೆ ವ್ಯಾಪಾರ ಎಲ್ಲ ಆಚೆ.

ಕುಷ್ಟಗಿಯ ಮತದಾರರು ದಡ್ಡರೇನಲ್ಲ. 2013ರಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲರು, 2018ರಲ್ಲಿ ಕಾಂಗ್ರೆಸ್ಸಿನ ಅಮರೇಗೌಡ ಬಯ್ಯಾಪುರರು, 2023ರಲ್ಲಿ ಮತ್ತೆ ದೊಡ್ಡನಗೌಡರು. ಇದ್ದವರನ್ನು ಇಳಿಸುವುದು ನಮಗೆ ಚೆನ್ನಾಗಿ ಗೊತ್ತು. ಏರಿದವರಿಂದ ಏನು ಕೇಳಬೇಕು ಎನ್ನುವುದರಲ್ಲಿ ಎಡವಟ್ಟು. ಒಮ್ಮೆ ಪ್ರಚಾರಕ್ಕೆ ಬಂದ ಮುಖಂಡರೊಬ್ಬರ ಹತ್ತಿರ ಐಟಿಐ ಓದಿದ ಹುಡುಗ ಹೋಗಿ, “ಅಣ್ಣಾರ, ಎಲ್ಯಾರ ಒಂದು ಕೆಲ್ಸಕ್ಕ ಹಚ್ರಿ” ಎಂದ. “ಬಯೋಡಾಟಾ ಕೊಡಪಾ, ನೋಡೋಣು” ಎಂದು ಅವರು ಅದನ್ನು ಮಡಚಿ ಹಿಂದಿನವನ ಕೈಗೆ ಕೊಟ್ಟರು. ಅವನ ಕೈಯಲ್ಲಿ ಆಗಲೇ ಒಂದು ಕಟ್ಟು ಇತ್ತು. ಆ ಹುಡುಗ ಈಗ ಅದೇ ಮುಖಂಡರ ಹಿಂದೆ ತಿರುಗುತ್ತಾನೆ, ಚರಂಡಿ, ಸಿಸಿ ರಸ್ತೆಯ ತುಂಡು ಗುತ್ತಿಗೆ ಹಿಡಿಯುತ್ತಾನೆ. ಊರಲ್ಲಿ ಓದಿದವನಿಗೆ ಕೈತುಂಬ ದುಡ್ಡು ಬರುವ ಕೆಲಸ ಈಗ ಅದೊಂದೇ.

ಕಾರ್ಖಾನೆ ಬರಲೇ ಇಲ್ಲವೇ? ಜಿಲ್ಲೆಗೆ ಬಂದವು, ಗಿಣಿಗೇರಿ ಸುತ್ತ. ಅಲ್ಲಿನ ಊರವರು ಕರಿ ಧೂಳು ತಿಂದರು. 2025ರ ಫೆಬ್ರುವರಿಯಲ್ಲಿ 54 ಸಾವಿರ ಕೋಟಿಯ ಇನ್ನೊಂದು ಉಕ್ಕಿನ ಕಾರ್ಖಾನೆಯ ಮಾತು ಬಂದಾಗ ಕೊಪ್ಪಳವೇ ಬಂದ್ ಆಯಿತು. ಗವಿಮಠದ ಸ್ವಾಮೀಜಿ ಮುಂದೆ ನಿಂತರು, ಜನ ಬೀದಿಗಿಳಿದರು. ಬೇಡ ಎಂದದ್ದು ಸರಿಯೇ, ಉಸಿರು ಕಟ್ಟಿ ದುಡಿದು ಏನು ಮಾಡುವುದು? ಆದರೆ ಅದರ ಬದಲಿಗೆ ಯಾವ ಕೆಲಸ ತರುತ್ತೀರಿ ಎಂದು ಅಷ್ಟೇ ದೊಡ್ಡ ಮೆರವಣಿಗೆ ಯಾರೂ ತೆಗೆಯಲಿಲ್ಲ. ಭಾನಾಪುರದಲ್ಲಿ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರು, 40 ಸಾವಿರ ಉದ್ಯೋಗ ಎಂದು 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ನಮ್ಮ ಓಣಿಯಿಂದ ಅಲ್ಲಿಗೆ ಕೆಲಸಕ್ಕೆ ಹೋದವರನ್ನು ನಾನು ಕಂಡಿಲ್ಲ.

ನಮ್ಮ ಸುತ್ತ ನಿಜವಾಗಿ ಬೆಳೆದ ಉದ್ಯಮ ಒಂದಿದೆ, ಅದರ ಬಗ್ಗೆ ಭಾಷಣವಿಲ್ಲ: ಹೈಬ್ರಿಡ್ ತರಕಾರಿ ಬೀಜ. ಹೊಲದಲ್ಲಿ ಬಿಳಿ ನೆಟ್ ಹೌಸು, ಒಳಗೆ ಟೊಮೆಟೊ, ಮೆಣಸಿನಕಾಯಿ. ಸಂಜೆ ಹೊತ್ತು ಹೆಣ್ಣಾಳುಗಳು ಅರಳದ ಮೊಗ್ಗು ಬಿಡಿಸಿ, ಚಿಮಟಿಗೆಯಿಂದ ಒಳಗಿನ ಗಂಡು ಭಾಗ ಕೀಳುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಹಚ್ಚುತ್ತಾರೆ. ಹಚ್ಚಿದ್ದಕ್ಕೆ ಗುರುತಾಗಿ ಹೂವಿನ ಹಸಿರು ಎಸಳು ಒಂದೆರಡು ಕತ್ತರಿಸುತ್ತಾರೆ. ಕುತ್ತಿಗೆ ಬಗ್ಗಿಸಿದರೆ ಎತ್ತುವುದು ಊಟದ ಹೊತ್ತಿಗೆ. ಡಾಕ್ಟರು ಬೆರಳಾಡಿಸಿದಷ್ಟೇ ನಾಜೂಕಿನ ಕೆಲಸ, ಸಿಗುವುದು ಹೊಲದ ಕೂಲಿ. ಬೀಜ ಶುದ್ಧತೆಯ ಪರೀಕ್ಷೆಯಲ್ಲಿ ಬಿದ್ದರೆ ರೈತನಿಗೆ ದುಡ್ಡಿಲ್ಲ, ಪಾಸಾದರೂ ತಿಂಗಳುಗಟ್ಟಲೆ ಕಾಯಬೇಕು. ಅದೇ ಬೀಜ ಊರಿನ ಅಂಗಡಿಗೆ ಪುಟ್ಟ ಪಾಕೀಟಿನಲ್ಲಿ ವಾಪಸು ಬಂದಾಗ ಬೆಲೆ ಕೇಳಿದ ರೈತನೇ ದಂಗಾಗುತ್ತಾನೆ. ಬೀಜದ ಸಂಸ್ಕರಣೆ, ಪ್ಯಾಕಿಂಗು, ಪರೀಕ್ಷಾಲಯ ಇಲ್ಲೇ ಇದ್ದರೆ ಬಿಎಸ್ಸಿ ಓದಿದ ಹುಡುಗಿಯರಿಗೆ ಊರಲ್ಲೇ ಪಗಾರ. ಇದನ್ನು ಕೇಳಿದ ಶಾಸಕರನ್ನಾಗಲಿ, ಕೇಳಿಸಿದ ಮತದಾರರನ್ನಾಗಲಿ ನಾನು ನೋಡಿಲ್ಲ.

ಉದ್ಯೋಗ ಖಾತ್ರಿಯ ದಿನಗೂಲಿ 2025–26ರಲ್ಲಿ 370 ರೂಪಾಯಿ ಇತ್ತು, ಅದೂ ವರ್ಷಕ್ಕೆ 100 ದಿನ. ಮಂಗಳೂರಿನ ಕಟ್ಟಡದ ಕೆಲಸದಲ್ಲಿ ಅದರ ದುಪ್ಪಟ್ಟು ಸಿಗುತ್ತಿತ್ತು. ಅದಕ್ಕೇ ಮಂಗಳೂರು, ಉಡುಪಿ, ಗೋವಾ, ಬೆಂಗಳೂರು. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ವಾಪಸು ಬಂದಾಗಲೇ ನಮ್ಮೂರಿನ ಎಷ್ಟು ಜನ ಹೊರಗಿದ್ದರು ಎನ್ನುವುದು ಊರಿಗೇ ತಿಳಿದದ್ದು. ರಸ್ತೆ ತೆರೆದ ಕೂಡಲೇ ಮತ್ತೆ ಹೊರಟರು.

2025ರ ಮೇ 15ರಂದು ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲು ಬಂತು. ಹಾರ ಹಾಕಿ, ಕಾಯಿ ಒಡೆದು ಸ್ವಾಗತಿಸಿದರು, ವರ್ಷಗಟ್ಟಲೆ ಕಾದವರಿಗೆ ಆ ಸಂಭ್ರಮ ಸಲ್ಲಬೇಕಾದದ್ದೇ. ಆದರೆ ಆ ರೈಲು ಕುಷ್ಟಗಿಗೆ ಸರಕು ತುಂಬಲು ಬರುತ್ತದೋ, ಆಳು ತುಂಬಲು ಬರುತ್ತದೋ ಎನ್ನುವುದನ್ನು ನಿಲ್ದಾಣದ ಕಟ್ಟಡ ತೀರ್ಮಾನಿಸುವುದಿಲ್ಲ.

ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳಿಗೆ ರಾಜ್ಯದಲ್ಲಿ 2016ರಲ್ಲಿ ಚುನಾವಣೆ ನಡೆದಿತ್ತು. ಅವಧಿ ಮುಗಿದದ್ದು 2021ರಲ್ಲಿ, ಆ ಮೇಲೆ ಅಧಿಕಾರಿಗಳದೇ ಆಡಳಿತ. ಮುಂದಿನ ಸಲ ಮತ ಕೇಳಲು ಮನೆಗೆ ಬಂದವರನ್ನು ಕುಳ್ಳಿರಿಸಿ ನೀರು ಕೊಡಿ. ತಾಲೂಕು, ಹೈಮಾಸ್ಟ್ ದೀಪ, ಸಮುದಾಯ ಭವನದ ಮಾತು ಅವರು ಎತ್ತುವ ಮೊದಲೇ ಕೇಳಿಬಿಡಿ: ಈ ಹೋಬಳಿಯಲ್ಲಿ ಎಷ್ಟು ಜನಕ್ಕೆ ಕೆಲಸ, ತಿಂಗಳಿಗೆ ಎಷ್ಟು ಪಗಾರ, ಯಾವ ತಾರೀಖಿನಿಂದ? ಉತ್ತರವನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ.