ಹದಕ್ಕೆ ಹಾಕಿದ ಸೊನ್ನೆ

ಆ ಉತ್ತರಕ್ಕೆ ನಾನು ಸೊನ್ನೆ ಹಾಕಿದೆ. ಸುತ್ತ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ‘ಶುದ್ಧ ಕನ್ನಡದಲ್ಲಿ ಬರೆ’ ಎಂದೂ ಬರೆದೆ.

ಇದು 2002ರ ಮಾತು. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆ, ಆರನೆಯ ತರಗತಿ, ನಾನೇ ಪ್ರಶ್ನೆ ತೆಗೆದ ವಿಜ್ಞಾನದ ಕಿರುಪರೀಕ್ಷೆ. ಹೊಲ ಬಿತ್ತನೆಗೆ ಸಿದ್ಧವಾಗಿದೆ ಎಂದು ರೈತ ಹೇಗೆ ತಿಳಿಯುತ್ತಾನೆ ಎಂದು ಕೇಳಿದ್ದೆ. ಮಣ್ಣಿನಲ್ಲಿ ಸಾಕಷ್ಟು ತೇವಾಂಶ ಇದೆಯೇ ಎಂದು ನೋಡುತ್ತಾನೆ ಎನ್ನುವುದು ನನಗೆ ಬೇಕಿದ್ದ ಉತ್ತರ. ಹುಡುಗಿ ಬರೆದದ್ದು: ‘ಹಸಿಗೆ ಹಸಿ ಕೂಡಿ ಹದ ಬಂದಮ್ಯಾಲ ಬಿತ್ತತಾರ.’ ಮಣ್ಣಿನ ವಿಧಗಳನ್ನು ಬರೆ ಎಂದಲ್ಲಿ ಕಪ್ಪು ಮಣ್ಣು, ಕೆಂಪು ಮಣ್ಣು, ಮೆಕ್ಕಲು ಮಣ್ಣು ಎನ್ನುವ ಬದಲು ‘ಎರಿ, ಮಸಾರಿ, ಗರಸು, ಸವಳು’ ಎಂದಿದ್ದಳು. ಅದಕ್ಕೂ ಸೊನ್ನೆ.

ನಾನೇನು ಪರದೇಶದಿಂದ ಬಂದವನಲ್ಲ. ಯಲಬುರ್ಗಾ ತಾಲ್ಲೂಕಿನ ಎರಿ ಸೀಮೆಯವನು. ಕೂರಿಗೆಯ ಹಿಂದೆ ನಡೆದವರ ಮಗ. ಧಾರವಾಡಕ್ಕೆ ಓದಲು ಹೋದಾಗ ನನ್ನ ‘ಹೊಕ್ಕೀನಿ’, ‘ಬರಾಕತ್ತೀನಿ’ ಕೇಳಿ ಕೋಣೆಯ ಗೆಳೆಯರು ನಕ್ಕರು. ಎರಡೇ ವರ್ಷದಲ್ಲಿ ನಾಲಿಗೆಯನ್ನು ತಿದ್ದಿಕೊಂಡೆ. ಅದನ್ನು ಸಾಧನೆ ಎಂದುಕೊಂಡೆ. ಹಾಗೆ ತಿದ್ದಿದ ನಾಲಿಗೆಯನ್ನು ಮಕ್ಕಳಿಗೂ ಕೊಟ್ಟರೆ ಅವರನ್ನು ನೋಡಿ ಮುಂದೆ ಯಾರೂ ನಗಲಾರರು ಎಂದು ನಿಜವಾಗಿಯೂ ನಂಬಿದ್ದೆ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಮಾಡಿದ್ದು ಕೆಟ್ಟದ್ದೇ.

ತರಗತಿಗೆ ಒಂದು ನಿಯಮ ತಂದೆ. ಕಪ್ಪುಹಲಗೆಯ ಮೂಲೆಯಲ್ಲಿ ‘ತಪ್ಪು ಮಾತು’ ಎಂಬ ತಲೆಬರಹ. ‘ಐತಿ’, ‘ಬಂದಾನ’, ‘ಹೆಂಗ’, ‘ಯಾಕ’ ಅಂದವರ ಹೆಸರು ಅದರ ಕೆಳಗೆ. ಸಂಜೆಗೆ ಯಾರ ಹೆಸರಿನ ಮುಂದೆ ಹೆಚ್ಚು ಗೆರೆ ಇರುತ್ತವೋ ಅವರು ಬೋರಿನಿಂದ ಶಾಲೆಯ ನೀರಿನ ಕೊಡ ತುಂಬಿ ತರಬೇಕು. ಆ ಹುಡುಗಿ ಮೊದಲ ವಾರ ನಾಲ್ಕು ದಿನ ಕೊಡ ಹೊತ್ತಳು, ಏಕೆಂದರೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅವಳೇ. ಎರಡನೆಯ ವಾರ ಎರಡು ದಿನ. ತಿಂಗಳು ಕಳೆಯುವಷ್ಟರಲ್ಲಿ ಅವಳ ಹೆಸರು ಹಲಗೆಯಿಂದ ಮಾಯವಾಯಿತು. ನಿಯಮ ಫಲ ಕೊಟ್ಟಿತೆಂದು ನಾನು ಹಿಗ್ಗಿದೆ. ಆಗಿದ್ದು ಬೇರೆ. ಅವಳು ಬಾಯಿ ತೆರೆಯುತ್ತಿದ್ದಳು, ಮೊದಲ ಪದ ಸರಿಯೋ ತಪ್ಪೋ ಎಂದು ಒಳಗೇ ತೂಗುತ್ತಿದ್ದಳು, ತೂಗಿ ತೂಗಿ ಮತ್ತೆ ಮುಚ್ಚುತ್ತಿದ್ದಳು.

ಆ ವರ್ಷದ ನವೆಂಬರ್ 1ರಂದು ಶಾಲೆಯ ಅಂಗಳದಲ್ಲಿ ನಾನು ಭಾಷಣ ಮಾಡಿದೆ. 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಕೊಪಣ ಎಂದರೆ ನಮ್ಮ ಕೊಪ್ಪಳ. ನಾವು ತಿರುಳ್ಗನ್ನಡದ ಮಕ್ಕಳು ಎಂದು ಎದೆಯುಬ್ಬಿಸಿ ಹೇಳಿದೆ. ಮುಗಿದ ಮೇಲೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕರೆದರು.

“ಚೊಲೊ ಹೇಳಿದ್ರಿ ಸರ. ಕೊಪ್ಪಳದ ಮಾತು ತಿರುಳು ಅಂದ್ರಿ. ಮತ್ತ ನಮ್ಮ ಹುಡುಗ್ರು ಆ ಮಾತಾಡಿದ್ರ ಅವರ ತಲಿ ಮ್ಯಾಲ ಕೊಡ ಯಾಕ ಹೊರಸ್ತೀರಿ?”

“ಅದು ಹಳೆಯ ಕಾಲದ ಕನ್ನಡ, ಅಜ್ಜಾರ” ಎಂದು ಹೇಳಿ ಎದ್ದು ಬಂದೆ. ಅವರ ಪ್ರಶ್ನೆ ನನಗೆ ಅರ್ಥವಾಗಿರಲಿಲ್ಲ ಎಂದಲ್ಲ. ಅರ್ಥವಾಗಿತ್ತು, ಅದಕ್ಕೇ ಎದ್ದು ಬಂದೆ.

ಬೇಂದ್ರೆಯವರ ಕವಿತೆಗಳಲ್ಲಿ ಧಾರವಾಡದ ಆಡುಮಾತು ಕೇಳಿ ಮೈಮರೆಯುತ್ತಿದ್ದವನು ನಾನು. ಅದೇ ನುಡಿಗಟ್ಟು ಹರಿದ ಲಂಗ ತೊಟ್ಟ ಹುಡುಗಿಯ ಬಾಯಿಂದ ಬಂದರೆ ತಪ್ಪು ಮಾತು. ಈ ಎರಡನ್ನೂ ಒಂದೇ ತಲೆಯಲ್ಲಿ ಅಷ್ಟು ವರ್ಷ ಹೇಗೆ ಇಟ್ಟುಕೊಂಡಿದ್ದೆನೋ ಇವತ್ತಿಗೂ ತಿಳಿಯದು.

ಅದು ಬರಗಾಲದ ವರ್ಷ. ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು, ಮುಂದಿನ ವರ್ಷವೂ ಕೊಟ್ಟಿತು. ದೀಪಾವಳಿ ಕಳೆದದ್ದೇ ಊರಿನ ಅರ್ಧ ಮಂದಿ ಗುಳೆ ಹೊರಟರು. ಕಟ್ಟಡದ ಕೆಲಸಕ್ಕೆ ಮಂಗಳೂರಿಗೆ ಹೊರಟಿದ್ದ ಹುಡುಗಿಯ ತಂದೆ ಶಾಲೆಗೆ ಬಂದ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಲೋ, ಕರೆದುಕೊಂಡು ಹೋಗಲೋ ಎಂದು ನನ್ನನ್ನು ಕೇಳಲು ಬಂದಿದ್ದ. ಕೈಯಲ್ಲಿ ಟವಲ್ಲು ಹಿಂಡುತ್ತ ಬಾಗಿಲಲ್ಲೇ ನಿಂತಿದ್ದ. ನಾನು ಅಂಕಪಟ್ಟಿ ತೆರೆದು ನೋಡಿದೆ.

“ಓದು ಅಕಿ ತಲಿಗೆ ಹತ್ತವಲ್ದಪಾ” ಎಂದೆ.

ಇಡೀ ವರ್ಷದಲ್ಲಿ ನಾನು ಆ ಶಾಲೆಯೊಳಗೆ ನಮ್ಮ ಮಾತಿನಲ್ಲಿ ಆಡಿದ ಒಂದೇ ವಾಕ್ಯ ಅದು. ಮರುವಾರ ಅವಳು ಶಾಲೆಗೆ ಬರಲಿಲ್ಲ.

ಮುಂದಿನ ಜೂನಿನಲ್ಲಿ ಮಿರಗದ ಮಳೆ ಒಂದು ಹನಿದು ನಿಂತಿತ್ತು. ಹಾಜರಿ ಕಡಿಮೆಯಿದ್ದುದರಿಂದ ಮಕ್ಕಳನ್ನು ಕರೆತರಲು ಹೊಲಗಳ ಕಡೆ ಹೋದೆ. ಮಸಾರಿ ಹೊಲದ ಬದುವಿನಲ್ಲಿ ಆ ಹುಡುಗಿಯ ಅಜ್ಜಿ ಕುಕ್ಕರುಗಾಲಲ್ಲಿ ಕೂತು ನೆಲ ಬಗೆಯುತ್ತಿದ್ದಳು. ಒಂದು ಗೇಣು ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿದಳು. ಕೈ ಬಿಚ್ಚಿದಾಗ ಮಣ್ಣು ಉಂಡೆಯಾಗಿ ನಿಲ್ಲದೆ ಉದುರಿತು.

“ಬಿತ್ತೋದಿಲ್ಲೇನಬೇ?” ಎಂದೆ.

“ಹದ ಎಲ್ಲಿ ಬಂದೈತ್ರಿ ಸರ. ಮ್ಯಾಲಿನ ಹಸಿ ಕೆಳಗಿನ ಹಸಿಗಿ ಕೂಡಿಲ್ಲ. ಈಗ ಬಿತ್ತಿದ್ರ ಬೀಜ ಮೊಳಕಿ ಒಡದು ಸಾಯ್ತಾವ.” ಮಣ್ಣು ಕೊಡವಿಕೊಂಡು ಮತ್ತೆ ಹೇಳಿದಳು: “ನಮ್ಮ ಹುಡುಗಿ ಇದ್ರ ನಾ ಇಷ್ಟ ಬಗೀತಿದ್ದಿಲ್ಲ. ಅದು ಕಾಲಾಗ ತುಳದು ಹದ ಹೇಳ್ತಿತ್ತು. ನನಗಿಂತ ಚೊಲೊ ಹೇಳ್ತಿತ್ತು.”

ನಾನು ಅಲ್ಲೇ ಬದುವಿನ ಮೇಲೆ ಕೂತೆ. ಕೆಂಪು ಶಾಯಿಯ ಗೆರೆ ಕಣ್ಣ ಮುಂದೆ ಬಂತು. ಹಸಿಗೆ ಹಸಿ ಕೂಡಿ ಹದ ಬಂದಮ್ಯಾಲ ಬಿತ್ತತಾರ. ನನ್ನ ಪ್ರಶ್ನೆಗೆ ಅದಕ್ಕಿಂತ ಪೂರ್ತಿಯಾದ ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ. ತೇವಾಂಶ ಎಂದರೆ ಮಣ್ಣಿನಲ್ಲಿ ನೀರು ಎಷ್ಟಿದೆ ಎನ್ನುವುದಷ್ಟೇ. ಮೇಲಿನ ಎರಡು ಬೆರಳು ನೆನೆದಿದೆಯೋ, ಅಡಿಯ ಹಸಿಯ ತನಕ ಇಳಿದಿದೆಯೋ ಎನ್ನುವ ಭೇದ ಆ ಪದದಲ್ಲಿಲ್ಲ. ಹುಡುಗಿಯ ವಾಕ್ಯದಲ್ಲಿ ಇತ್ತು. ನಮ್ಮ ಸೀಮೆಯಲ್ಲಿ ಒಂದು ಕುಟುಂಬ ಆ ವರ್ಷ ಊರಲ್ಲಿ ಉಳಿಯುವುದೋ ಗುಳೆ ಹೋಗುವುದೋ ನಿಂತಿರುವುದು ಆ ಭೇದದ ಮೇಲೆಯೇ.

ಹದ ಎನ್ನುವ ಪದವನ್ನು ಆಮೇಲೆ ಬಹಳ ದಿನ ಬಾಯಲ್ಲಿಟ್ಟುಕೊಂಡು ತಿರುಗಿದ್ದೇನೆ. ನಮ್ಮವ್ವ ರೊಟ್ಟಿ ಹಿಟ್ಟಿಗೆ ಹದ ನೋಡುತ್ತಿದ್ದಳು. ಕಮ್ಮಾರ ಕುಡಗೋಲಿಗೆ ಹದ ಹಾಕುತ್ತಾನೆ. ತೊಗಲು ಹದ ಮಾಡುತ್ತಾರೆ. ಮಾತಿಗೂ ಮನುಷ್ಯನಿಗೂ ಹದ ಉಂಟು. ಮಣ್ಣು, ಹಿಟ್ಟು, ಕಬ್ಬಿಣ, ತೊಗಲು, ಮನಸ್ಸು ಇವೆಲ್ಲಕ್ಕೂ ಒಂದು ತಕ್ಕ ಗಳಿಗೆ ಇದೆ, ಅದನ್ನು ಕೈಮುಟ್ಟಿಯೇ ತಿಳಿಯಬೇಕು ಎನ್ನುವ ಒಂದು ವಿಚಾರವೇ ಆ ಎರಡಕ್ಷರದಲ್ಲಿದೆ. ಪದ ಇಲ್ಲದವನು ಇದನ್ನು ತಿಳಿಯಲಾರ ಎಂದು ನಾನು ಹೇಳುವುದಿಲ್ಲ. ಭಾಷೆ ಯೋಚನೆಗೆ ಬೇಲಿಯಲ್ಲ. ಆದರೆ ಪದ ಇದ್ದವನ ಕಣ್ಣು ಮೊದಲು ಅತ್ತ ಹೋಗುತ್ತದೆ, ಮಗುವಾಗಿದ್ದಾಗಲೇ ಹೋಗುತ್ತದೆ. ಆರನೆಯ ತರಗತಿಯ ಹುಡುಗಿಯ ಕಾಲಿಗೆ ಹದ ತಿಳಿಯುತ್ತಿದ್ದುದು ಹಾಗೆ.

ಅದರ ನಂತರ ಓದಿದ್ದೆಲ್ಲ ನನ್ನ ತಪ್ಪಿನ ಕಡೆಗೇ ಬೆರಳು ಮಾಡಿತು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಮಕ್ಕಳ ಮಾತನ್ನು ಅಭ್ಯಾಸ ಮಾಡಿದರು. ಈ ಮಕ್ಕಳಿಗೆ ಭಾಷೆಯೇ ಇಲ್ಲ, ಆದ್ದರಿಂದ ಯೋಚನೆಯೂ ಇಲ್ಲ ಎಂದು ಅಲ್ಲಿನ ಶಿಕ್ಷಣ ತಜ್ಞರು ಕೆಲವರು ಬರೆಯುತ್ತಿದ್ದ ಕಾಲ ಅದು. ಪ್ರಶ್ನೆ ಕೇಳಿದರೆ ಎಂಟು ವರ್ಷದ ಹುಡುಗನೊಬ್ಬ ಒಂದೊಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗುತ್ತಿದ್ದ. ಮುಂದಿನ ಸಲ ಪ್ರಶ್ನೆ ಕೇಳುವವನು ಆಲೂಗಡ್ಡೆ ಚಿಪ್ಸ್ ತಂದ, ಹುಡುಗನ ಗೆಳೆಯನನ್ನೂ ಕರೆತಂದ, ತಾನು ನೆಲದ ಮೇಲೆ ಕೂತ. ಅದೇ ಹುಡುಗ ತಡೆಯಿಲ್ಲದೆ ಮಾತಾಡಿದ, ಗೆಳೆಯನ ಜೊತೆ ವಾದಕ್ಕೆ ಬಿದ್ದ. ಬದಲಾಗಿದ್ದು ಹುಡುಗನಲ್ಲ, ಕೂತ ರೀತಿ. ಈ ಪುಟಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ನಾನು ಭಾಷಣಕ್ಕೆ ಎತ್ತಿಕೊಂಡ ಕವಿರಾಜಮಾರ್ಗದಲ್ಲೇ ಇದೆ. ಕನ್ನಡವನ್ನು ಬಹುವಚನದಲ್ಲಿ ಕರೆದು, ದೇಸಿ ಬೇರೆ ಬೇರೆಯಾಗಿರುವುದರಿಂದ ಇಲ್ಲಿ ದೋಷ ಇಂಥದ್ದೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ ಅದು. ಈ ನಾಡಿನ ಕಿರುಮಕ್ಕಳೂ ಮೂಗರೂ ಕೂಡ ಮಾತಿನ ವಿವೇಕವನ್ನು ಬಲ್ಲವರು ಎನ್ನುತ್ತದೆ. ಕೊಪಣದ ಹೆಸರಷ್ಟನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟಿದ್ದೆ. ಕಪ್ಪುಹಲಗೆಯ ಮೂಲೆಯಲ್ಲಿ ನಾನು ಎಣಿಸುತ್ತಿದ್ದುದು ವಾಸುಕಿ ಕೈಬಿಟ್ಟ ಲೆಕ್ಕವನ್ನು. ಮೂಗಿಯಾಗಿ ಕೂತಿದ್ದವಳ ವಿವೇಕ ನನಗೆ ಕಾಣಲಿಲ್ಲ.

ನಮ್ಮ ತಾತನ ಕಥೆಯೂ ನೆನಪಾಯಿತು. ನಮ್ಮ ಕೊಪ್ಪಳ ಸೀಮೆಯ ತಾಲ್ಲೂಕುಗಳು 1948ರ ಸೆಪ್ಟೆಂಬರಿನ ತನಕ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಒಣಬೇಸಾಯದ ಹೊಲಕ್ಕೆ ಖುಷ್ಕಿ, ನೀರಾವರಿಗೆ ತರಿ ಎಂದು ನಾವು ಈಗಲೂ ಅನ್ನುವುದು ಆ ದಫ್ತರದಿಂದ ಉಳಿದುಬಂದ ರೂಢಿ. ಉನ್ನತ ಓದಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿಯೂ ಉರ್ದುವೇ ಮಾಧ್ಯಮ. ನಮ್ಮ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಅಲ್ಲಿ ಓದಿಯೂ ಕನ್ನಡದ ‘ಕಾವ್ಯಾನಂದ’ ಆದರು. ಎಲ್ಲರಿಗೂ ಆ ಶಕ್ತಿ ಎಲ್ಲಿಂದ ಬರಬೇಕು? ತಾತ ತನ್ನದೇ ಹೊಲದ ಕಾಗದವನ್ನು ಓದಲಾರದೆ ಗಿರ್ದಾವರನ ಮುಂದೆ ಹೆಬ್ಬೆಟ್ಟು ಒತ್ತಿ ಬಂದವನು. “ಬಾಯಿದ್ದೂ ಮೂಕ ಆಗಿ ನಿಂತೆ” ಎಂದು ಸಾಯುವತನಕ ಹೇಳುತ್ತಿದ್ದ. ಆ ಮಾತು ಕೇಳಿ ಬೆಳೆದ ಮೊಮ್ಮಗ ಕನ್ನಡ ಶಾಲೆಯಲ್ಲಿ ಕನ್ನಡದ ಮಗುವನ್ನು ಕನ್ನಡದಿಂದಲೇ ಮೂಕಿಯಾಗಿಸಿದ.

2009ರಲ್ಲಿ ನನಗೆ ಗಂಗಾವತಿ ತಾಲ್ಲೂಕಿಗೆ ವರ್ಗವಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆ, ಕಣ್ಣು ಹರಿದಷ್ಟೂ ಭತ್ತ. ತರಗತಿಯಲ್ಲಿ ವಲಸೆ ಬಂದು ನೆಲೆಸಿದವರ ಕ್ಯಾಂಪುಗಳ ಮಕ್ಕಳೂ ಇದ್ದರು, ಮನೆಯಲ್ಲಿ ತೆಲುಗು ಆಡುವವರು. ಮಣ್ಣಿನ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು, ನಿಮ್ಮ ಮನೆಯಲ್ಲಿ ಏನಂತಾರೆ ಎಂದು ಕೇಳಿದೆ. ಉಪ್ಪೇರಿದ ನೆಲಕ್ಕೆ ಸವಳು, ನೀರು ನಿಂತು ಕೆಟ್ಟದ್ದಕ್ಕೆ ಜವಳು ಎಂದು ಮಕ್ಕಳು ಬಿಡಿಸಿ ಹೇಳಿದರು. ಬಿತ್ತಲು ಬಂದ ನೆಲಕ್ಕೆ? ಹದ ಎಂದರು. ಹಿಂದಿನ ಸಾಲಿನಿಂದ ಕ್ಯಾಂಪಿನ ಹುಡುಗನೊಬ್ಬ ಅಂಜುತ್ತ ಕೈಯೆತ್ತಿದ: “ನಮ್ಮನಿಯಾಗ ಪದುನು ಅಂತಾರ್ರಿ ಸರ.”

ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ. ಪುಲಿಗೆರೆ ಹುಲಿಗೆರೆ ಆದಂತೆ, ಪಾಲು ಹಾಲಾದಂತೆ, ಹಳಗನ್ನಡದ ‘ಪದ’ವೇ ನಮ್ಮ ಬಾಯಲ್ಲಿ ‘ಹದ’ ಆಗಿದೆ. ನಾವು ಬಿಟ್ಟ ‘ಪ’ ಆ ತೆಲುಗು ಮನೆಯಲ್ಲಿ ಹಾಗೇ ಉಳಿದಿತ್ತು. ಎರಡನ್ನೂ ಹಲಗೆಯ ನಡುವೆ ದೊಡ್ಡದಾಗಿ ಬರೆದೆ, ಆಮೇಲೆ ತೇವಾಂಶ ಎಂದೂ ಬರೆದೆ. ಪುಸ್ತಕದ ಕನ್ನಡ ಬೇಡ ಎಂದು ನಾನು ಹೇಳುತ್ತಿಲ್ಲ. ಅರ್ಜಿಗೆ, ಪರೀಕ್ಷೆಗೆ, ಬೀದರಿನವರೂ ಚಾಮರಾಜನಗರದವರೂ ಒಬ್ಬರನ್ನೊಬ್ಬರು ಓದುವುದಕ್ಕೆ ಅದು ಬೇಕು; ಈ ಬರಹವೂ ಅದರಲ್ಲೇ ಇದೆ. ಅದನ್ನು ಮನೆಯ ಮಾತಿನ ಪಕ್ಕದಲ್ಲಿ ಕೂರಿಸಬೇಕಿತ್ತು. ನಾನು ಮನೆಯ ಮಾತನ್ನು ಎಬ್ಬಿಸಿ ಹೊರಗೆ ಕಳಿಸಿ, ಅದರ ಜಾಗದಲ್ಲಿ ಕೂರಿಸಿದೆ.

ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆ. ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿ ಬಂದು ಬೀಳುತ್ತಿದ್ದವು. ರೊಟ್ಟಿಯ ಗಂಟು ಇಳಿಸುತ್ತಿದ್ದ ಹೆಂಗಸರ ಗುಂಪಿನಲ್ಲಿ ಒಂದು ದನಿ ಎಲ್ಲರಿಗಿಂತ ಮೇಲಿತ್ತು. ಯಾರದೋ ರೊಟ್ಟಿ ಸೀಳಿದ್ದಕ್ಕೆ ಚಾಷ್ಟಿ ಮಾಡುತ್ತ, ಊರ ಸುದ್ದಿ ಹೇಳುತ್ತ, ಸುತ್ತಲಿನವರನ್ನು ನಗಿಸುತ್ತ ಇತ್ತು. ತಿರುಗಿ ನೋಡಿದರೆ ಅವಳೇ. ಅವಳೂ ನನ್ನನ್ನು ಗುರುತಿಸಿದಳು. ನಗು ನಿಂತಿತು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

“ನಮಸ್ಕಾರ ಸರ್. ತಾವು ಚೆನ್ನಾಗಿದ್ದೀರಾ?”

“ಆರಾಮ ಅದೀನವ್ವ. ನೀ ಹೆಂಗದೀ? ಮಂಗಳೂರಿಂದ ಯಾವಾಗ ಬಂದ್ರಿ?”

“ನಾವು ನಿನ್ನೆ ಸಂಜೆ ಬಂದಿದ್ದೇವೆ ಸರ್. ಇವಳು ನನ್ನ ಮಗಳು.”

ಒಂದು ತಪ್ಪಿಲ್ಲ. ಒಂದೊಂದು ಪದವನ್ನೂ ತೂಗಿ ಇಡುತ್ತಿದ್ದಳು, ಹಲಗೆಯ ಮೂಲೆ ಅವಳ ಕಣ್ಣೆದುರು ಇದ್ದಂತೆ. “ನಿನ್ನ ಉತ್ತರ ಸರಿ ಇತ್ತವ್ವ, ನಂದ ತಪ್ಪು” ಎಂದೆ. “ಯಾವ ಉತ್ತರ ಸರ್?” ಎಂದಳು. ಅವಳಿಗೆ ನೆನಪಿರಲಿಲ್ಲ.

ಸೆರಗು ಹಿಡಿದು ನಿಂತಿದ್ದ ಹುಡುಗಿ ಅವಳನ್ನು ಜಗ್ಗಿ ಕೇಳಿತು: “ಯವ್ವಾ, ಯಾರ ಇವ್ರು?”

ಅವಳು ಬಾಗಿ ಮಗಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. “ನಮ್ಮ ಸರ್. ಇವರ ಮುಂದ ಚಂದಂಗ ಮಾತಾಡ್ಬೇಕು.”

ಮಗು ನನ್ನ ಮುಖ ನೋಡಿತು. ಏನೋ ಹೇಳಲು ಬಾಯಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.