ತಾಳ ಸಮ ಇತ್ತು, ಸುರ ಏರಿತ್ತು

ನಮ್ಮ ಜತ್ತ ಸೀಮೆಯಲ್ಲಿ ಭಜನಿಗೆ ಕುಂತಾಗ ತಾಳ ಹಿಡಿದವನಿಗೆ ಬ್ಯಾರೆ ಕೆಲಸ ಹೇಳೂದಿಲ್ಲ. ಬಂದವರಿಗೆ ಎಲಿ ಅಡಿಕಿ ಕೊಡು, ಚಾಪಿ ಹಾಸು ಅಂದರೆ ತಾಳ ಜಾರತದ. ಸಣ್ಣ ಕಂಪ್ಯೂಟರಿನ ಒಳಗೂ ಇದೇ ನಿಯಮ ಅಂತ ನನಗೆ ತಿಳಿಸಿದವ ನನ್ನ ಅಣ್ಣನ ಮಗ.

ನಮ್ಮೂರ ಹಿರಿಯ ಮುತ್ಯಾ ಒಬ್ಬರಿಗೆ ಹಂತಿಪದಗಳು ಬಾಯಿಪಾಠ ಇದ್ದವು. ರಾಶಿ ಮಾಡುವ ಮಶೀನು ಬಂದು ಕಣ ಹೋಯಿತು, ಹಂತಿ ಹೋಯಿತು, ಪದ ಅವರ ಬಾಯಲ್ಲಿ ಮಾತ್ರ ಉಳಿಯಿತು. ಅವನ್ನು ಹಿಡಿದಿಡಲು ಹುಡುಗ ಬೀಗಲ್‌ಬೋನ್ ಬ್ಲ್ಯಾಕ್ ಅನ್ನುವ ಅಂಗೈಯಷ್ಟು ಬೋರ್ಡಿಗೆ ಧ್ವನಿ ಅಳೆಯುವ ಚಿಪ್ ಒಂದನ್ನು ಕೂಡಿಸಿದ. ಆ ಚಿಪ್ಪಿಗೆ ಹೊರಗಿನಿಂದ ತಾಳ ಕೊಡಬೇಕು. ಅದಕ್ಕೆ ಕ್ಲಾಕ್ ಅಂತಾರೆ. 256 ಬಡಿತಕ್ಕೆ ಒಮ್ಮೆ ಅದು ಧ್ವನಿ ಅಳೆಯುತ್ತದೆ. ಸೆಕೆಂಡಿಗೆ 24,000 ಅಳತೆ ಬೇಕಾದರೆ 61,44,000 ಬಡಿತ ಬೇಕು.

"ಆ ತಾಳಾ ಲಿನಕ್ಸೇ ಬಡೀಬಾರದೇನೋ?" ಅಂದೆ.

"ಲಿನಕ್ಸ್ ಅಂದ್ರ ಮದುವಿ ಮನಿ ಯಜಮಾನ ಇದ್ದಂಗ, ಕಾಕಾ. ಹತ್ತು ಮಂದಿ ಕರೀತಾರ. ಒಂದು ಬಡಿತ ಹೊತ್ತಿಗೆ ಬಿದ್ದರ ಇನ್ನೊಂದು ತಡಾ ಆಗತದ. ಇಷ್ಟು ಜೋರಾಗಿ ಬಡಿಯೂದಂತೂ ಆಗೂದೇ ಇಲ್ಲ."

ಅದಕ್ಕೇ ಚಿಪ್ಪಿನೊಳಗೆ ಟೈಮರ್ ಅಂತ ಬೇರೆಯೇ ಒಂದು ಎಣಿಸುವ ಸಾಧನ ಇರತದ. ಎಷ್ಟು ಎಣಿಸಬೇಕು, ಯಾವ ಪಿನ್ನಿನ ಮೇಲೆ ಬಡಿಯಬೇಕು ಅಂತ ಲಿನಕ್ಸ್ ಮೊದಲೊಮ್ಮೆ ಹೇಳುತ್ತದೆ. ಆ ಪಿನ್ನನ್ನು ಟೈಮರಿನ ಹೆಸರಿಗೆ ಬಿಟ್ಟುಕೊಡುತ್ತದೆ. ಕರೆಂಟ್ ಉಳಿಸಲಿಕ್ಕೆ ಟೈಮರನ್ನೇ ಬಂದ್ ಮಾಡಬಾರದು ಅಂತ ಲಿನಕ್ಸಿಗೂ ತಾಕೀತು ಮಾಡಿರಬೇಕು. ಮುಂದಿನದೆಲ್ಲ ಟೈಮರಿನ ಕೆಲಸ. ಹಂತಿಯ ಎತ್ತು ಮೇಟಿ ಸುತ್ತಿ ಹೊರಟ ಜಾಗಕ್ಕೇ ಬಂದಂತೆ, ಎಣಿಕೆ ಮುಗಿದದ್ದೇ ಮತ್ತೆ ಮೊದಲಿನಿಂದ ಸುರು.

ಬೋರ್ಡಿನ ಹರಳು ಸೆಕೆಂಡಿಗೆ 2,40,00,000 ಸಲ ಮಿಡಿಯುತ್ತದೆ. ಎರಡು ಎಣಿಸಿ ಪಿನ್ ಏರಿಸಬೇಕು, ಮತ್ತೆರಡು ಎಣಿಸಿ ಇಳಿಸಬೇಕು. ನಾಲ್ಕಕ್ಕೆ ಒಂದು ಬಡಿತ, ಅಂದರೆ 60,00,000. ಬೇಕಾದ್ದಕ್ಕೆ ಇದೇ ಹತ್ತಿರದ್ದು. ಟೈಮರಿಗೆ ಪೂರ್ಣ ಸಂಖ್ಯೆ ಮಾತ್ರ ಗೊತ್ತು, ಮುಕ್ಕಾಲು ಕಾಲು ಎಣಿಸಲಿಕ್ಕೆ ಬರೂದಿಲ್ಲ.

ಮುತ್ಯಾ ಹಾಡಿದರು, ಹಿಡಿದೆವು. ತಿರುಗಿ ಹಚ್ಚಿ ಕೇಳುವಾಗ ನಾನು ಪೇಟಿ ಹಿಡಿದೆ. ಅವರ ಸುರ ಕರಿ ಎರಡು. ಹಿಡಿದದ್ದು ಕರಿ ಎರಡಕ್ಕೂ ಕೂಡಲಿಲ್ಲ, ಮುಂದಿನ ಮನೆಗೂ ಕೂಡಲಿಲ್ಲ. ಹುಡುಗ ಮಶೀನು ಹಚ್ಚಿ ನೋಡಿದ. ತಾಳ ಎಲ್ಲೂ ಅಲುಗಿರಲಿಲ್ಲ, ಗೆರೆ ಒಂದೇ ಸಮ.

ದೋಷ ಇದ್ದದ್ದು ಲೆಕ್ಕದಲ್ಲಿ. ಚಿಪ್ ಸೆಕೆಂಡಿಗೆ ಅಳೆದದ್ದು 23,437.5 ಸಲ. ಫೈಲಿನ ತಲೆಯಲ್ಲಿ ಬರೆದದ್ದು 24,000. ನುಡಿಸುವ ಯಂತ್ರ ಬರೆದದ್ದನ್ನೇ ನಂಬಿ ಓಡುತ್ತದೆ. ಹತ್ತು ನಿಮಿಷದ ಪದ 9 ನಿಮಿಷ 46 ಸೆಕೆಂಡಿಗೆ ಮುಗಿಯಿತು. ಸುರ ಎರಡು ಮನೆಗಳ ನಡುವೆ ಅರ್ಧಕ್ಕೆ ತುಸು ಕಡಿಮೆ ಏರಿ ಕುಂತಿತು.

ಹೊಸ ಹರಳು ತರಿಸಿ ಮತ್ತೊಮ್ಮೆ ಹಾಡಿಸೋಣ ಅನ್ನೂದರೊಳಗೆ ಮುತ್ಯಾ ತೀರಿಕೊಂಡರು. ಉಳಿದದ್ದು ಆ ಫೈಲುಗಳು ಮಾತ್ರ. ಹಾಗೇ ಬಿಟ್ಟಿದ್ದರೆ ಮುಂದೆ ಕಲಿಯುವ ಹುಡುಗರು ಅದನ್ನೇ ಮುತ್ಯಾನ ಸುರ, ಅದನ್ನೇ ಅವರ ನಡೆ ಅಂತ ತಿಳಿಯುತ್ತಿದ್ದರು.

ಆದರೆ ಧ್ವನಿ ಕೆಟ್ಟಿರಲಿಲ್ಲ, ಅದರ ಮೇಲೆ ಬರೆದ ಅಂಕಿ ಸುಳ್ಳಾಗಿತ್ತು, ಅಷ್ಟೇ. ಅಲ್ಲಿ ಅರ್ಧ ಬರೆಯಲಿಕ್ಕೆ ಬರೂದಿಲ್ಲ, ಅದಕ್ಕೆ ಹುಡುಗ 23,438 ಅಂತ ತಿದ್ದಿದ. ಆ ಅರ್ಧದ ಫರಕು ಯಾವ ಕಿವಿಗೂ ತಿಳಿಯೂದಿಲ್ಲ. ಹಚ್ಚಿದ ಕೂಡಲೇ ಮುತ್ಯಾ ಕರಿ ಎರಡಕ್ಕೆ ಬಂದು ಕುಂತರು. ತಾಳ ಒಂದೇ ಸಮ ಇದ್ದರೆ ಸಾಲದು, ಎಷ್ಟು ಬಡಿಯಿತು ಅನ್ನೂದನ್ನ ಖರೆ ಬರೆಯಬೇಕು.

ಈಗ ಸೆಕೆಂಡಿಗೆ 2,45,76,000 ಸಲ ಮಿಡಿಯುವ ಹರಳು ಹಾಕಿದ್ದೇವೆ. ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 61,44,000. ಆದರೂ ಮೊದಲು ಪೇಟಿಯ ಕರಿ ಎರಡನ್ನು ಒಂದು ನಿಮಿಷ ಹಿಡಿದು, ತಿರುಗಿ ಕೇಳಿ, ಆಮೇಲೆ ಹಿರಿಯರನ್ನು ಹಾಡಲಿಕ್ಕೆ ಕುಂದ್ರಿಸುತ್ತೇವೆ.