ಮೈನಸ್ 31ರ ಇರುಳು

ಗುರ್. ಗುರ್ ಗುರ್. ಮತ್ತೆ ಸದ್ದಿಲ್ಲ.

ರಾತ್ರಿ 1 ಗಂಟೆ 10 ನಿಮಿಷ. ಅಕ್ಕ ದಿಗ್ಗನೆದ್ದು ಕೂತಳು. "ನಲ್ಲಿ ಬಿಟ್ಟು ಬಂದ್ಯೇನೋ?"

"ಇಲ್ವಲ್ಲಕ್ಕ."

ನಲ್ಲಿಗಳೆಲ್ಲ ಬಿಗಿಯಾಗಿದ್ದವು. ಆದರೂ ಪಂಪು ಎರಡು ನಿಮಿಷಕ್ಕೊಮ್ಮೆ ಏಳುತ್ತಿತ್ತು, ಗುರ್ರೆನ್ನುತ್ತಿತ್ತು, ನಿಲ್ಲುತ್ತಿತ್ತು. ಟ್ರೇಲರಿನ ಪಂಪು ಸುಮ್ಮಸುಮ್ಮನೆ ಓಡುವುದಿಲ್ಲ. ಪೈಪಿನಲ್ಲಿ ಒತ್ತಡ ಇಳಿದಾಗಷ್ಟೇ ಓಡುತ್ತದೆ. ಒತ್ತಡ ಇಳಿಯುತ್ತಿದೆಯೆಂದರೆ ನೀರು ಎಲ್ಲಿಗೋ ಹೋಗುತ್ತಿದೆ.

ಎಲ್ಲಿಗೆ?

ಮೊಂಟಾನಾ ರಾಜ್ಯದ ಬೋಜ್‌ಮನ್ ಊರಿನಾಚೆ, 4,800 ಅಡಿ ಎತ್ತರ, ಜನವರಿ. ಹೊರಗೆ ಮೈನಸ್ 31 ಡಿಗ್ರಿ ಸೆಲ್ಸಿಯಸ್. ಇದೇ ರಾಜ್ಯದ ರಾಜರ್ಸ್ ಪಾಸ್‌ನಲ್ಲಿ 1954ರ ಜನವರಿ 20ರಂದು ಮೈನಸ್ 57 ದಾಖಲಾಯಿತು. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಆ ದಾಖಲೆಯನ್ನು ಇನ್ನೂ ಯಾವ ಊರೂ ಮುರಿದಿಲ್ಲ. ಅಂಥ ನಾಡಿನಲ್ಲಿ ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ಬೆಳೆದ ನನ್ನಕ್ಕ 26 ಅಡಿಯ ಟ್ರೇಲರಿನಲ್ಲಿ ಮೂರನೆಯ ಚಳಿಗಾಲ ಕಳೆಯುತ್ತಿದ್ದಳು. ಊರಲ್ಲಿ ಮನೆ ಬಾಡಿಗೆ ಕೈಗೆಟುಕುವುದಿಲ್ಲ. ಟ್ರೇಲರಿನ ಗೋಡೆ ಎರಡು ಇಂಚು ದಪ್ಪ. ಅದರಾಚೆ ಸಾವು ಕಾಯುತ್ತದೆ.

ಬಚ್ಚಲಿಗೆ ಕಾಲಿಟ್ಟಳು. ಪಚಕ್. ಉಣ್ಣೆಯ ಕಾಲುಚೀಲ ನೆನೆಯಿತು. ಬಗ್ಗಿ ನೆಲದ ವೆಂಟಿನ ಮೇಲೆ ಟಿಶ್ಯೂ ಕಾಗದ ಹಿಡಿದಳು. ಕಾಗದ ಮಿಸುಕಲಿಲ್ಲ. ಕಿವಿಗೊಟ್ಟಳು. ಫರ್ನೇಸಿನ ಉರಿ ಭುಗಿಲೆಂದಿತು. ನಿಮಿಷದೊಳಗೆ ಆರಿತು. ಮತ್ತೆ ಹೊತ್ತಿತು. ಮತ್ತೆ ಆರಿತು.

"ಅಡುಗೆ ಕಡೆ ವೆಂಟು ಮುಚ್ಚಿದೀಯಾ?"

ಮುಚ್ಚಿದ್ದೆ. ಸಂಜೆ ಬಚ್ಚಲು ತಣ್ಣಗಿದೆಯೆಂದು, ಬಿಸಿಗಾಳಿ ಅತ್ತ ನುಗ್ಗಲೆಂದು, ಎರಡು ವೆಂಟು ಮುಚ್ಚಿದ್ದೆ. ಅಕ್ಕ ಓಡಿದಳು, ಎರಡನ್ನೂ ತೆರೆದಳು. ಗಾಳಿಗೆ ದಾರಿ ಕಟ್ಟಿದರೆ ಫರ್ನೇಸಿನೊಳಗೆ ಕಾವು ಏರುತ್ತದೆ, ರಕ್ಷಣೆಯ ಸ್ವಿಚ್ಚು ಉರಿಯನ್ನೇ ಕಡಿಯುತ್ತದೆ. ಈ ಸಲ ಉರಿ ಆರದೆ ನಿಂತಿತು. ಒಂದು ಗಂಡಾಂತರ ಕಳೆಯಿತು.

ಆದರೆ ಬಚ್ಚಲಿನ ವೆಂಟು ಹಾಗೇ ಸತ್ತು ಬಿದ್ದಿತ್ತು.

ಎರಡು ಸ್ಕ್ರೂ ಬಿಚ್ಚಿ ಜಾಲರಿ ಎತ್ತಿದೆವು. ಟಾರ್ಚ್ ಬಿಟ್ಟೆವು. ನಾಲ್ಕಿಂಚಿನ ಡಕ್ಟಿನ ಆಳದಲ್ಲಿ ಏನೋ ಹೊಳೆಯಿತು. ಕನ್ನಡಿಯೆಂದುಕೊಂಡೆ.

ಮಂಜುಗಡ್ಡೆ!

ಗಾಳಿ ಬರಬೇಕಾದ ದಾರಿಗೆ ನೀರು ಇಳಿದಿತ್ತು. ಇಳಿದು, ಡಕ್ಟು ಜೋತುಬಿದ್ದ ತಗ್ಗಿನಲ್ಲಿ ನಿಂತು, ಹೆಪ್ಪುಗಟ್ಟಿ, ಬಿರಡೆಯಾಗಿತ್ತು. ಶಾಖ ಬಾರದೆ ಪೈಪು ಒಡೆದಿದೆ, ಪೈಪು ಒಡೆದದ್ದರಿಂದ ಶಾಖ ಬಂದಿಲ್ಲ. ಎರಡು ರೋಗವಲ್ಲ, ಒಂದೇ. ಇಷ್ಟು ಹೊತ್ತು ನಾವು ಎರಡು ಕಡೆ ಹುಡುಕುತ್ತಿದ್ದೆವು.

ಈಗ ಒಡಕು ಹುಡುಕಬೇಕು. ಬರುವ ನೀರೋ, ಹೋಗುವ ನೀರೋ? ಅಕ್ಕ ಅಡುಗೆ ಕಪಾಟಿಗೆ ಕೈ ಹಾಕಿದಳು. ಅರಿಶಿನದ ಡಬ್ಬಿ! ಒಂದು ಚಮಚ ಕದಡಿ ಶವರಿನ ಮೋರಿಗೆ ಸುರಿದಳು. ಸೋರುವ ಹನಿ ಹಳದಿಯಾದರೆ ಮೋರಿ ಒಡೆದಿದೆ. ತಿಳಿಯಾದರೆ ಪೂರೈಕೆಯ ಪೈಪು. ಬಿಳಿ ಬಟ್ಟೆ ಹಾಸಿ ಕಾದೆವು. ಒಂದು ಹನಿ. ಎರಡು. ಹತ್ತು.

ತಿಳಿ.

ಪಂಪು ಆರಿಸಿ, ನಲ್ಲಿ ತೆರೆದು ಒತ್ತಡ ಇಳಿಸಿದಳು. ಹನಿ ನಿಂತಿತು. ಅನುಮಾನ ಉಳಿಯಲಿಲ್ಲ. ಬೀರುವಿನ ಹಿಂದಿನ ಹಲಗೆ ಕಿತ್ತಳು, ಭುಜದವರೆಗೆ ಕೈ ತೂರಿಸಿದಳು, ಕಣ್ಣು ಮುಚ್ಚಿ ಬೆರಳಲ್ಲೇ ನೋಡಿದಳು. "ಸಿಕ್ತು." ತಣ್ಣೀರಿನ ಅರ್ಧ ಇಂಚಿನ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ತಿರುಗುವಲ್ಲಿ ಪ್ಲಾಸ್ಟಿಕ್ ಎಲ್ಬೋ. ಅದರ ಬೆನ್ನಲ್ಲಿ ಕೂದಲೆಳೆಯ ಸೀಳು. ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಪೆಕ್ಸ್ ತಾನೂ ಹಿಗ್ಗಿ ತಾಳಿಕೊಂಡಿತ್ತು. ಎಲ್ಬೋ ತಾಳಲಿಲ್ಲ.

ತೋಟದಲ್ಲಿ ಅಪ್ಪ ಮಾಡುತ್ತಿದ್ದಂತೆ ಸೈಕಲ್ ಟ್ಯೂಬು ಬಿಗಿದಳು. ಪಂಪು ಹಾಕಿದೆ. ಚದರ ಇಂಚಿಗೆ 50 ಪೌಂಡ್ ಒತ್ತಡ! ಟ್ಯೂಬಿನ ಅಂಚಿನಿಂದ ನೀರು ಚಿಮ್ಮಿ ನನ್ನ ಕಣ್ಣಿಗೆ ಬಡಿಯಿತು. ಆಗಲಿಲ್ಲ.

"ಮೊದಲು ಐಸು ಕರಗಿಸೋಣ." ಹೇರ್ ಡ್ರೈಯರನ್ನು ವೆಂಟಿಗೆ ತೂರಿಸಿದಳು. 1,500 ವ್ಯಾಟ್. ಕೋಣೆಯ ಹೀಟರು ಇನ್ನೊಂದು 1,500. ಟ್ರೇಲರಿಗೆ ಬರುವ ತಂತಿ ತಾಳುವುದು 30 ಆಂಪಿಯರ್, ಅಂದರೆ 120 ವೋಲ್ಟಿನಲ್ಲಿ 3,600 ವ್ಯಾಟ್. ಲೆಕ್ಕ ಸರಿಯಿತ್ತು. ಬಿಸಿನೀರಿನ ಬಾಯ್ಲರು ಕರೆಂಟಿನಲ್ಲಿ ಓಡುತ್ತಿರುವುದನ್ನು ಇಬ್ಬರೂ ಮರೆತಿದ್ದೆವು.

ಫಟ್. ಕತ್ತಲು.

ಈಗ ಫರ್ನೇಸಿಗೆ ಬ್ಯಾಟರಿಯೊಂದೇ ಗತಿ. ಸುಡುವುದು ಪ್ರೊಪೇನ್ ಆದರೂ ಗಾಳಿ ತಳ್ಳುವ ಫ್ಯಾನು 12 ವೋಲ್ಟಿನದು. ಗಾಳಿ ಜೋರಾಗಿ ಬೀಸಿದರೆ ಒಳಗಿನ ಪುಟ್ಟ ತಗಡು ಬಾಗುತ್ತದೆ. ತಗಡು ಬಾಗಿದರೆ ಮಾತ್ರ ಕಿಡಿ. ಚಳಿಗೆ ಜೀವ ಕಳೆದುಕೊಂಡ ಬ್ಯಾಟರಿ 11.4ಕ್ಕೆ ಇಳಿದಿತ್ತು. ಫ್ಯಾನಿನ ಸದ್ದು ಸೊರಗಿತು. ಕಿಡಿಯಿಲ್ಲ. ಉರಿಯಿಲ್ಲ. ಒಳಗಿನ ಉಷ್ಣತೆ 14. ಹನ್ನೆರಡು. ಹತ್ತು.

"ಗ್ಯಾಸ್ ಒಲೆ ಹಚ್ಚಿಡ್ಲಾ?"

"ಬೇಡ! ಮುಚ್ಚಿದ ಪೆಟ್ಟಿಗೆ ಇದು. ವಿಷಗಾಳಿ ಕುಡಿದು ಮಲಗಿದರೆ ಏಳಲ್ಲ."

ಬಾಯ್ಲರಿನ ಸ್ವಿಚ್ಚು ಆರಿಸಿ ನಾನೇ ಹೊರಗೋಡಿದೆ. ಕರೆಂಟು ಕಂಬ ಇಪ್ಪತ್ತು ಹೆಜ್ಜೆ. ಮೂಗಿನೊಳಗಿನ ಕೂದಲು ಸೂಜಿಯಾಯಿತು. ಪೆಟ್ಟಿಗೆಯ ಮುಚ್ಚಳ ಹೆಪ್ಪುಗಟ್ಟಿತ್ತು. ಗುದ್ದಿದೆ. ಒದ್ದೆ. ಮೊಣಕೈಯಿಂದ ಜಜ್ಜಿದೆ. ಮುಚ್ಚಳ ಹಾರಿತು, ಬ್ರೇಕರ್ ಎತ್ತಿದೆ, ಹಿಂದಿನಿಂದ ಫರ್ನೇಸು ಭುಗಿಲೆಂದ ಸದ್ದು ಬಂತು. ಅಂಥ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಆದರೆ ಐಸಿನ ಬಿರಡೆ ವೆಂಟಿನ ಬಾಯಿಂದ ಐದಡಿ ಒಳಗಿತ್ತು. ಡ್ರೈಯರಿನ ಬಿಸಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ.

ಕೆಳಗಿನಿಂದ.

ಅಕ್ಕ ಎರಡು ಸ್ವೆಟರ್ ಏರಿಸಿದಳು, ಜಮಖಾನೆ ಸುತ್ತಿಕೊಂಡು ಟ್ರೇಲರಿನ ಅಡಿಗೆ ತೆವಳಿದಳು. ಹಿಮಕ್ಕೂ ಹೊಟ್ಟೆಗೂ ನಡುವೆ ಒಂದೂವರೆ ಅಡಿ. ಅಡಿಯ ಪ್ಲಾಸ್ಟಿಕ್ ತಗಡು ಗಬ್ಬದ ಹಸುವಿನ ಹೊಟ್ಟೆಯಂತೆ ಉಬ್ಬಿತ್ತು. ಸೋರಿದ ನೀರು, ಮೇಲಿನ ಕಾವಿಗೆ ಇನ್ನೂ ಪೂರ್ತಿ ಗಟ್ಟಿಯಾಗದೆ ನಿಂತಿತ್ತು. ಸ್ಕ್ರೂ ಬಿಚ್ಚಿದರೆ ಅಷ್ಟೂ ಅವಳ ಮೇಲೆ. ಮೈನಸ್ 31ರಲ್ಲಿ ಮೈ ನೆನೆದರೆ ನಿಮಿಷಗಳ ಮಾತು.

"ಪಕ್ಕಕ್ಕೆ ಹೊರಳ್ತೀನಿ. ಟಾರ್ಚ್ ಅಲ್ಲಾಡಿಸ್ಬೇಡ."

ತನ್ನಿಂದ ತೋಳುದ್ದ ದೂರದಲ್ಲಿ ಚಾಕು ಆಡಿಸಿದಳು. ಸರ್ರ್! ನೀರು ಧುಮುಕಿತು, ಹಿಮಕ್ಕೆ ಬಿತ್ತು, ಹಬೆಯಾಡಿತು. ಒಂದು ಅಲೆ ಅವಳ ಬಲಗೈ ಸವರಿತು. ಸ್ವೆಟರಿನ ತೋಳು ನನ್ನ ಕಣ್ಣೆದುರೇ ಹಲಗೆಯಾಯಿತು. "ಬಾರಕ್ಕ, ಸಾಕು!" ಎಂದು ಕೂಗಿದೆ. ಅವಳು ಹೊರಬಂದು ತೋಳು ಕಿತ್ತೊಗೆದಳು, ನನ್ನ ಜಾಕೀಟು ಎಳೆದುಕೊಂಡಳು, ಮತ್ತೆ ತೆವಳಿದಳು.

ಈಗ ಸ್ಕ್ರೂ. ಒಂದು, ಎರಡು, ಆರು. ತಗಡು ಜೋತಿತು. ಡಕ್ಟು ಕಂಡಿತು: ಕೊರಳಿನಿಂದ ಅರ್ಧ ಕಳಚಿ, ನೀರಿನ ಭಾರಕ್ಕೆ ಹಾವಿನಂತೆ ಜೋತು. ಪೂರ್ತಿ ಕಳಚಿದಳು, ಹೊರಗೆ ತಳ್ಳಿದಳು. ನಾನು ನೆಲಕ್ಕೆ ಬಡಿದೆ. ತೆಂಗಿನಕಾಯಿ ಗಾತ್ರದ ಗಡ್ಡೆ ಉರುಳಿಬಿತ್ತು.

ಮತ್ತೆ ಜೋಡಿಸಬೇಕು. ಮೊದಲ ಕೇಬಲ್ ಟೈ ಬಿಗಿಯುವಾಗಲೇ ಲಟಕ್ಕೆಂದು ಮುರಿಯಿತು. ಚಳಿಗೆ ಪ್ಲಾಸ್ಟಿಕ್ ಗಾಜಾಗಿತ್ತು. ಎರಡನೆಯದೂ ಹೋಯಿತು. ಉಳಿದದ್ದು ಮೂರು. ಅಕ್ಕ ಮೂರನ್ನೂ ಕಂಕುಳಲ್ಲಿ ಇಟ್ಟುಕೊಂಡು ಹಲ್ಲು ಕಚ್ಚಿ ನೂರೆಣಿಸಿದಳು. ಬಿಗಿದಳು. ನಿಂತವು! ಜೋತ ಜಾಗಕ್ಕೆ ನನ್ನ ಬ್ಯಾಗಿನ ಪಟ್ಟಿ ಕಿತ್ತು ತೊಟ್ಟಿಲಿನಂತೆ ಎತ್ತಿಕಟ್ಟಿದಳು.

4 ಗಂಟೆ 25. ಎಲ್ಬೋ ಬಾಕಿ.

ಹೊಸ ಎಲ್ಬೋ ಇರಲಿಲ್ಲ. ಒತ್ತಿ ಕೂರಿಸುವ ಕಪ್ಲಿಂಗು ಎರಡಿದ್ದವು. ತಿರುವಿಗೆ ಎಲ್ಬೋ ಏಕೆ, ಪೈಪನ್ನೇ ಬಾಗಿಸಿದರಾಯಿತು! ಹೊರಗಿನ ಶವರಿಗೆ ಹೋಗುವ ಪೈಪನ್ನು ಚಳಿಗಾಲಕ್ಕೆಂದು ವಾಲ್ವ್ ಮುಚ್ಚಿ ಖಾಲಿ ಮಾಡಿದ್ದಳು. ಅದರಿಂದ ಎರಡು ಮೊಳ ಕತ್ತರಿಸಿದಳು. ಅರ್ಧ ಇಂಚಿನ ಪೆಕ್ಸ್ ಐದಿಂಚು ತ್ರಿಜ್ಯಕ್ಕಿಂತ ಕಿರಿದಾಗಿ ಬಾಗಿದರೆ ಮಡಿಚಿಹೋಗುತ್ತದೆ. ಪಾತ್ರೆಯಲ್ಲಿ ಉಳಿದಿದ್ದ ನೀರು ಬಿಸಿಮಾಡಿ ಪೈಪಿನ ಮೇಲೆ ಹೊಯ್ದಳು, ದೋಸೆ ಕಾವಲಿಯ ಸುತ್ತ ನಿಧಾನ ಬಾಗಿಸಿದಳು. ತುದಿಗಳನ್ನು ನೇರ ಕೊಯ್ದಳು, ಸಿಬಿರು ಕೆರೆದಳು. ಸಿಬಿರು ಉಳಿದರೆ ಕಪ್ಲಿಂಗಿನೊಳಗಿನ ರಬ್ಬರ್ ಬಳೆ ಹರಿಯುತ್ತದೆ. ಒಂದಿಂಚಿಗೆ ಗುರುತು ಹಾಕಿ ಒತ್ತಿದಳು. ಕ್ಲಿಕ್. ಇನ್ನೊಂದು ತುದಿ. ಕ್ಲಿಕ್.

"ಹಾಕು."

ಪಂಪಿನ ಸ್ವಿಚ್ಚು ಒತ್ತಿದೆ. ಗುರ್ರೆಂದಿತು. ಹತ್ತು ಸೆಕೆಂಡ್. ನಿಂತಿತು.

ಉಸಿರು ಹಿಡಿದೆವು. ಎರಡು ನಿಮಿಷ. ಐದು. ಅಕ್ಕ ಕಪ್ಲಿಂಗಿನ ಕೆಳಗೆ ಕಾಗದ ಹಿಡಿದು ಅಲುಗಾಡದೆ ಕೂತಿದ್ದಳು. ಹದಿನೈದನೆಯ ನಿಮಿಷಕ್ಕೆ ಕಾಗದ ಟಾರ್ಚಿಗೆ ಹಿಡಿದು ತಿರುವಿ ನೋಡಿದಳು. ಒಣ. ಅದೇ ಕಾಗದವನ್ನು ಬಚ್ಚಲಿನ ವೆಂಟಿನ ಮೇಲೆ ಬಿಟ್ಟಳು.

ಕಾಗದ ನಡುಗಿತು. ಎದ್ದಿತು. ಮೇಲಕ್ಕೆ ಹಾರಿ ಕನ್ನಡಿಗೆ ಬಡಿದು ಅಂಟಿತು.

"ಬಿಸಿನೀರು ಮೊದಲು ನಂಗೆ," ಎಂದು ಅಕ್ಕ ಬಾಗಿಲು ಹಾಕಿಕೊಂಡಳು.